ಒಂದು ತಂತ್ರಾಂಶ, ಹಲವು ಸರ್ವರ್: ಖರೀದಿಗೆ ಮುನ್ನ ಉದ್ಯಮಿ ಕೇಳಬೇಕಾದ ಪ್ರಶ್ನೆ

ಯಶವಂತಪುರದ ಮಂಡಿಗಳಲ್ಲಾಗಲಿ, ಅದಕ್ಕೆ ಹೊಂದಿಕೊಂಡ ಪೀಣ್ಯದ ಯಂತ್ರಶಾಲೆಗಳಲ್ಲಾಗಲಿ, ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ವಿತರಕರ ಮಳಿಗೆಗಳಲ್ಲಾಗಲಿ ಬಿಲ್ಲು, ದಾಸ್ತಾನು, ಬಾಕಿ ವಸೂಲಿ, ಜಾಬ್ ವರ್ಕ್ ಲೆಕ್ಕಗಳನ್ನು ಕೈಬರಹದ ಪುಸ್ತಕದಲ್ಲಿ ಇಡುವವರು ಇಂದು ವಿರಳ. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಕಡ್ಡಾಯವಾಯಿತು. ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಂದ ಆರಂಭವಾಗಿ, ಹಂತ ಹಂತವಾಗಿ ಇಳಿದು, 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೂ ಅನ್ವಯವಾಯಿತು. ಇದರ ಪರಿಣಾಮವಾಗಿ ಬ್ರೌಸರ್ ಮೂಲಕ ಬಳಸುವ ತಂತ್ರಾಂಶವು ದೊಡ್ಡ ಕಂಪನಿಗಳ ಸೊತ್ತಾಗಿ ಉಳಿಯದೆ ಸಣ್ಣ ಉದ್ಯಮದ ನಿತ್ಯದ ಉಪಕರಣವಾಗಿದೆ.

ಇಂತಹ ತಂತ್ರಾಂಶವನ್ನು ಮಾಡಿಸುವಾಗ ಉದ್ಯಮಿಗಳು ಬೆಲೆ ಎಷ್ಟು, ಎಷ್ಟು ದಿನದಲ್ಲಿ ಸಿದ್ಧವಾಗುತ್ತದೆ, ಜಿಎಸ್‌ಟಿ ವಿವರಣೆಗಳು ಬರುತ್ತವೆಯೇ, ವಾರ್ಷಿಕ ನಿರ್ವಹಣಾ ಶುಲ್ಕವೆಷ್ಟು ಎಂದು ವಿಚಾರಿಸುತ್ತಾರೆ. ಇವೆಲ್ಲವೂ ಸರಿಯಾದ ಪ್ರಶ್ನೆಗಳೇ. ಆದರೆ ಇವುಗಳ ಜೊತೆಗೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯನ್ನು ಬಹುಮಂದಿ ಕೇಳುವುದಿಲ್ಲ. ಈ ತಂತ್ರಾಂಶ ಯಾವ ಸರ್ವರ್ ಮೇಲೆ ನಡೆಯುತ್ತದೆ, ನಾಳೆ ಬೇರೊಂದು ಸರ್ವರ್‌ಗೆ ಒಯ್ದರೆ ಬದಲಾಯಿಸದೆ ನಡೆಯುತ್ತದೆಯೇ ಎಂಬುದೇ ಆ ಪ್ರಶ್ನೆ. ಇದು ಇಂಜಿನಿಯರುಗಳ ವಿಷಯವೆಂದು ಬದಿಗಿಡುವಂಥದ್ದಲ್ಲ. ಇದು ಹಣದ ವಿಷಯ, ಕಾನೂನಿನ ವಿಷಯ, ಉದ್ಯಮದ ಸ್ವಾತಂತ್ರ್ಯದ ವಿಷಯವೂ ಹೌದು.

ಡೈ ಮತ್ತು ಪ್ರೆಸ್

ವೆಬ್ ತಂತ್ರಾಂಶ ತಾನಾಗಿ ನಿಂತು ಕೆಲಸ ಮಾಡುವುದಿಲ್ಲ. ಅದನ್ನು ಹೊತ್ತು ನಡೆಸುವ ಮತ್ತೊಂದು ತಂತ್ರಾಂಶ ಬೇಕು. ಬಳಕೆದಾರರ ಕೋರಿಕೆಗಳನ್ನು ಸ್ವೀಕರಿಸುವುದು, ಲಾಗಿನ್ ಪರಿಶೀಲಿಸುವುದು, ಡೇಟಾಬೇಸಿನೊಡನೆ ಸಂಪರ್ಕ ಕಲ್ಪಿಸುವುದು, ಏಕಕಾಲಕ್ಕೆ ಹತ್ತಾರು ಜನರ ಕೆಲಸವನ್ನು ನಿಭಾಯಿಸುವುದು ಅದರ ಹೊಣೆ. ಇದಕ್ಕೆ ಅಪ್ಲಿಕೇಷನ್ ಸರ್ವರ್ ಎಂದು ಹೆಸರು. ಜಾವಾ ಭಾಷೆಯಲ್ಲಿ ಬರೆದ ತಂತ್ರಾಂಶಗಳಿಗೆ ಟಾಮ್‌ಕ್ಯಾಟ್, ಜೆಬಾಸ್, ವೆಬ್‌ಲಾಜಿಕ್, ವೆಬ್‌ಸ್ಫಿಯರ್ ಮುಂತಾದವು ಪ್ರಸಿದ್ಧ.

ಪೀಣ್ಯದ ಉದ್ಯಮಿಗೆ ಇದನ್ನು ಅವರದೇ ಕಸುಬಿನ ಉದಾಹರಣೆಯಿಂದ ವಿವರಿಸಬಹುದು. ತಂತ್ರಾಂಶವೆಂದರೆ ಡೈ, ಸರ್ವರ್ ಎಂದರೆ ಪ್ರೆಸ್. ಒಳ್ಳೆಯ ಡೈಯನ್ನು ಒಂದು ಪ್ರೆಸ್‌ನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬಹುದು. ಕ್ಲ್ಯಾಂಪು, ಪ್ಯಾಕಿಂಗು, ಎತ್ತರದ ಹೊಂದಾಣಿಕೆಗಳು ಪ್ರೆಸ್‌ಗೆ ತಕ್ಕಂತೆ ಬದಲಾಗುತ್ತವೆಯೇ ಹೊರತು ಡೈಯನ್ನು ಯಾರೂ ಕೊರೆಯುವುದಿಲ್ಲ. ಪ್ರೆಸ್ ಕೆಟ್ಟು ನಿಂತಾಗ ಡೈಯನ್ನು ಪಕ್ಕದ ಘಟಕಕ್ಕೆ ಕಳುಹಿಸಿಯಾದರೂ ಗ್ರಾಹಕರ ಆರ್ಡರ್ ಪೂರೈಸಬಹುದು. ಒಂದೇ ಪ್ರೆಸ್‌ಗೆ ಅಂಟಿಕೊಂಡ ಡೈ ಮಾಡಿಸಿದವರು ಮಾತ್ರ ಆ ಪ್ರೆಸ್‌ನ ಮಾಲೀಕರು ಹೇಳಿದ ದರಕ್ಕೆ ತಲೆಬಾಗಬೇಕಾಗುತ್ತದೆ. ತಂತ್ರಾಂಶದ ವಿಷಯದಲ್ಲೂ ನ್ಯಾಯ ಇದೇ.

ಭರವಸೆ ಮತ್ತು ವಾಸ್ತವ

ಒಮ್ಮೆ ಬರೆದದ್ದು ಎಲ್ಲ ಸರ್ವರ್‌ಗಳಲ್ಲೂ ನಡೆಯಬೇಕೆಂಬ ಉದ್ದೇಶದಿಂದಲೇ ಸನ್ ಸಂಸ್ಥೆಯು 1999ರಲ್ಲಿ ಜೆ2ಇಇ ಎಂಬ ಮಾನಕವನ್ನು ಹೊರತಂದಿತು. ತಂತ್ರಾಂಶವನ್ನು ವಾರ್ ಎಂಬ ಒಂದೇ ಕಡತವಾಗಿ ಕಟ್ಟಿ, ಅದರ ಅಗತ್ಯಗಳನ್ನು ನಿಗದಿತ ರೂಪದ ವಿವರಣಾ ಕಡತದಲ್ಲಿ ಬರೆದಿಟ್ಟರೆ, ಮಾನಕವನ್ನು ಪಾಲಿಸುವ ಯಾವ ಸರ್ವರ್ ಆದರೂ ಅದನ್ನು ನಡೆಸಬಲ್ಲದು ಎಂಬುದು ಭರವಸೆ. ಈ ಭರವಸೆ ಬಹುಮಟ್ಟಿಗೆ ಈಡೇರಿದೆ, ಪೂರ್ಣವಾಗಿ ಅಲ್ಲ. ತೊಡಕು ಹುಟ್ಟುವುದು ಮುಖ್ಯವಾಗಿ ಐದು ಕಡೆಗಳಲ್ಲಿ.

ಮೊದಲನೆಯದು, ಡೇಟಾಬೇಸಿನ ವಿಳಾಸ. ತಂತ್ರಾಂಶವು ತನಗೆ ಬೇಕಾದ ಡೇಟಾಬೇಸನ್ನು ಒಂದು ಸಂಕೇತನಾಮದಿಂದ ಕರೆಯಬೇಕು. ಆ ಹೆಸರಿಗೆ ಯಾವ ಯಂತ್ರ, ಯಾವ ಪಾಸ್‌ವರ್ಡ್ ಎಂಬುದನ್ನು ಸರ್ವರ್‌ನ ಕಡೆಯಲ್ಲಿ ಜೋಡಿಸಬೇಕು. ಈ ಜೋಡಣೆಯ ರೀತಿ ಟಾಮ್‌ಕ್ಯಾಟ್‌ನಲ್ಲಿ ಒಂದು, ಜೆಬಾಸ್‌ನಲ್ಲಿ ಇನ್ನೊಂದು, ವೆಬ್‌ಲಾಜಿಕ್‌ನಲ್ಲಿ ಮತ್ತೊಂದು. ಅವಸರದಲ್ಲಿ ಕೆಲಸ ಮುಗಿಸುವವರು ಸರ್ವರ್‌ನ ವಿಶಿಷ್ಟ ಹೆಸರನ್ನಾಗಲಿ, ಪಾಸ್‌ವರ್ಡನ್ನೇ ಆಗಲಿ ತಂತ್ರಾಂಶದ ಒಳಗೆ ನೇರವಾಗಿ ಬರೆದುಬಿಡುತ್ತಾರೆ. ಅಲ್ಲಿಗೆ ಡೈ ಪ್ರೆಸ್‌ಗೆ ಬೆಸುಗೆಯಾದಂತೆ.

ಎರಡನೆಯದು, ಸೌಲಭ್ಯಗಳ ವ್ಯತ್ಯಾಸ. ಟಾಮ್‌ಕ್ಯಾಟ್ ಹಗುರವಾದ ಸರ್ವರ್. ವೆಬ್ ಪುಟಗಳ ನಿರ್ವಹಣೆಗೆ ಬೇಕಾದುದನ್ನು ಅದು ಕೊಡುತ್ತದೆ. ಸಂದೇಶಗಳ ಸರದಿ, ಹಲವು ಡೇಟಾಬೇಸ್‌ಗಳನ್ನು ಒಳಗೊಂಡ ವಹಿವಾಟಿನ ನಿಯಂತ್ರಣ ಮೊದಲಾದವು ಪೂರ್ಣ ಪ್ರಮಾಣದ ಸರ್ವರ್‌ಗಳಲ್ಲಿ ಮಾತ್ರ ಸಿದ್ಧವಾಗಿ ದೊರೆಯುತ್ತವೆ. ದೊಡ್ಡ ಸರ್ವರ್ ನಂಬಿ ಬರೆದ ತಂತ್ರಾಂಶ ಚಿಕ್ಕದರಲ್ಲಿ ನಿಲ್ಲದು. ಚಿಕ್ಕದಕ್ಕೆಂದು ಬರೆದದ್ದು ತನ್ನ ಜೊತೆ ತಂದ ಉಪಭಾಗಗಳು ದೊಡ್ಡ ಸರ್ವರ್‌ನಲ್ಲಿ ಮೊದಲೇ ಇರುವ ಅದೇ ಉಪಭಾಗಗಳ ಬೇರೆ ಆವೃತ್ತಿಯೊಡನೆ ಘರ್ಷಿಸುವುದೂ ಉಂಟು.

ಮೂರನೆಯದು, ಕಡತಗಳ ಹಾದಿ. ಬಿಲ್ಲಿನ ಪ್ರತಿಗಳನ್ನು ಇಂಥ ಡ್ರೈವಿನ ಇಂಥ ಫೋಲ್ಡರಿನಲ್ಲಿ ಇಡಬೇಕೆಂದು ವಿಂಡೋಸ್ ರೀತಿಯಲ್ಲಿ ಬರೆದ ತಂತ್ರಾಂಶವನ್ನು ಲಿನಕ್ಸ್ ಯಂತ್ರಕ್ಕೆ ಒಯ್ದರೆ ಪ್ರತಿಗಳು ಕಾಣದಾಗುತ್ತವೆ.

ಉಳಿದ ಎರಡು ತೊಡಕುಗಳು ನೋಡಲು ಸಣ್ಣವು. ಆದರೆ ಕರ್ನಾಟಕದ ವರ್ತಕರ ಮಟ್ಟಿಗೆ ಅವೇ ಹೆಚ್ಚು ದುಬಾರಿ. ಹೀಗಾಗಿ ಅವುಗಳನ್ನು ಪ್ರತ್ಯೇಕವಾಗಿ ಗಮನಿಸುವುದು ಒಳಿತು.

ಕನ್ನಡದ ಹೆಸರು, ಬೆಳಗಿನ ಜಾವದ ಬಿಲ್ಲು

ರೈತರ, ಗಿರಾಕಿಗಳ ಹೆಸರುಗಳನ್ನು ಕನ್ನಡದಲ್ಲಿ ದಾಖಲಿಸುವ ವರ್ತಕರು ಅನೇಕರಿದ್ದಾರೆ. ಟಾಮ್‌ಕ್ಯಾಟ್‌ನ 7ನೇ ಆವೃತ್ತಿಯವರೆಗೆ ವಿಳಾಸಪಟ್ಟಿಯ ಮೂಲಕ ಬರುವ ಅಕ್ಷರಗಳನ್ನು, ಬೇರೆ ಸೂಚನೆ ಇಲ್ಲದಿದ್ದರೆ, ಪಾಶ್ಚಾತ್ಯ ಯುರೋಪಿನ ಲಿಪಿಗಳಿಗೆಂದು ರೂಪಿಸಿದ ಸಂಕೇತ ಪದ್ಧತಿಯಂತೆ ಓದಲಾಗುತ್ತಿತ್ತು. 8ನೇ ಆವೃತ್ತಿಯಿಂದ ಅದು ಕನ್ನಡವೂ ಸೇರಿ ಎಲ್ಲ ಲಿಪಿಗಳಿಗೆ ಹೊಂದುವ ಯುಟಿಎಫ್-8 ಪದ್ಧತಿಗೆ ಬದಲಾಯಿತು. ಜಾವಾ ವ್ಯವಸ್ಥೆಯೇ ಯುಟಿಎಫ್-8 ಅನ್ನು ತನ್ನ ಸಹಜ ಪದ್ಧತಿಯಾಗಿ ಸ್ವೀಕರಿಸಿದ್ದು 2022ರ 18ನೇ ಆವೃತ್ತಿಯಲ್ಲಿ. ಆದ್ದರಿಂದ ಒಂದು ಸರ್ವರ್‌ನಲ್ಲಿ ಸರಿಯಾಗಿ ಕಾಣುತ್ತಿದ್ದ ಕನ್ನಡ ಹೆಸರು ಇನ್ನೊಂದರಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬದಲಾಗುವ ಸಂಭವವಿದೆ. ಪರದೆಯ ಮೇಲೆ ಮಾತ್ರ ಹಾಗೆ ಕಂಡರೆ ಸರಿಪಡಿಸಬಹುದು. ಅದೇ ರೂಪದಲ್ಲಿ ಡೇಟಾಬೇಸಿಗೆ ಬರೆದುಹೋದರೆ ಮೂಲ ಹೆಸರು ಶಾಶ್ವತವಾಗಿ ಕಳೆದುಹೋಗುತ್ತದೆ. ಯಾರಿಗೆ ಎಷ್ಟು ಬಾಕಿ ಎಂಬ ಖಾತೆಯಲ್ಲಿ ‘ಯಾರಿಗೆ’ ಎಂಬುದೇ ಅಳಿಸಿಹೋದರೆ ಖಾತೆಯ ಬೆಲೆಯೇನು?

ಐದನೆಯ ತೊಡಕು ಗಡಿಯಾರ. ಸರ್ವರ್‌ಗಳ ಗಡಿಯಾರವನ್ನು ಅಂತರರಾಷ್ಟ್ರೀಯ ಸಮಯಕ್ಕೆ ಇಡುವ ರೂಢಿ ಬಹುಕಡೆ ಇದೆ. ಭಾರತೀಯ ಕಾಲಮಾನ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಕಚೇರಿಯ ಮೂಲೆಯಲ್ಲಿದ್ದ ಯಂತ್ರದಿಂದ ತಂತ್ರಾಂಶವನ್ನು ಬಾಡಿಗೆ ಸರ್ವರ್‌ಗೆ ಸ್ಥಳಾಂತರಿಸುವಾಗ ಕಾಲಮಾನವನ್ನು ಸ್ಪಷ್ಟವಾಗಿ ನಮೂದಿಸದಿದ್ದರೆ, ಬೆಳಗಿನ ಐದೂವರೆಗೆ ಮೊದಲು ಮಾಡಿದ ಪ್ರತಿಯೊಂದು ಬಿಲ್ಲಿಗೂ ಹಿಂದಿನ ದಿನದ ದಿನಾಂಕ ಬೀಳುತ್ತದೆ. ಹತ್ತರಿಂದ ಐದರವರೆಗೆ ನಡೆಯುವ ಕಚೇರಿಗೆ ಇದು ಗೊತ್ತಾಗುವುದೇ ಇಲ್ಲ. ಬೆಳಗಿನ ಜಾವಕ್ಕೇ ಲಾರಿ ಲೋಡು ಮಾಡಿ ಕಳುಹಿಸುವ ವರ್ತಕರಿಗೂ ರಾತ್ರಿ ಪಾಳಿಯ ಕೊನೆಗೆ ಸರಕು ರವಾನಿಸುವ ಕಾರ್ಖಾನೆಗೂ ಇದು ನೇರ ಹೊಡೆತ.

ಏಪ್ರಿಲ್ 1ರ ಬೆಳಗಿನ ನಾಲ್ಕು ಗಂಟೆಗೆ ಹೊರಟ ಸರಕನ್ನು ಉದಾಹರಣೆಯಾಗಿ ಪರಿಗಣಿಸಬಹುದು. ಅದರ ಬಿಲ್ಲಿನಲ್ಲಿ ಮಾರ್ಚ್ 31 ಎಂದು ಮುದ್ರಣವಾಗುತ್ತದೆ. ಮಾರಾಟ ಹಿಂದಿನ ಆರ್ಥಿಕ ವರ್ಷಕ್ಕೆ ಸೇರುತ್ತದೆ, ತೆರಿಗೆ ಮಾರ್ಚ್ ತಿಂಗಳ ವಿವರಣೆಗೆ ಸೇರುತ್ತದೆ, ದಾಸ್ತಾನಿನ ಅಂತಿಮ ಎಣಿಕೆಯೊಡನೆ ತಾಳೆಯಾಗುವುದಿಲ್ಲ. ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ಲಿನ ಕ್ರಮಸಂಖ್ಯೆ ಆಯಾ ಆರ್ಥಿಕ ವರ್ಷಕ್ಕೆ ಅನನ್ಯವಾಗಿರಬೇಕು. ಇಲ್ಲಿ ಹೊಸ ವರ್ಷದ ಸರಣಿಯ ಮೊದಲ ಬಿಲ್ಲಿಗೇ ಹಳೆಯ ವರ್ಷದ ದಿನಾಂಕ ಅಂಟಿಕೊಂಡಿರುತ್ತದೆ. ಖರೀದಿದಾರರ ಪುಸ್ತಕದಲ್ಲಿ ಸರಕು ಏಪ್ರಿಲ್‌ನಲ್ಲಿ ಬಂದಿರುತ್ತದೆ. ತಂತ್ರಾಂಶದಲ್ಲಿ ಒಂದು ಸಾಲಿನ ಸೂಚನೆ ಇಲ್ಲದ ಕಾರಣಕ್ಕೆ ಇಬ್ಬರ ಲೆಕ್ಕಪರಿಶೋಧಕರೂ ವಾರಗಟ್ಟಲೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ತಪ್ಪಿನ ಹೊಣೆ ತೆರಿಗೆ ಇಲಾಖೆಯ ಮುಂದೆ ವರ್ತಕರದೇ ಹೊರತು ಸರ್ವರ್‌ನದಲ್ಲ.

ಸರ್ವರ್ ಬದಲಾಗುವುದೇ ಇಲ್ಲವೆಂಬ ಭ್ರಮೆ

ಇದ್ದ ಸರ್ವರ್‌ನಲ್ಲೇ ಮುಂದುವರಿದರೆ ಈ ತೊಂದರೆಗಳೇ ಬರುವುದಿಲ್ಲವಲ್ಲ ಎಂಬ ವಾದ ಸಹಜ. ಆದರೆ ಈ ಉದ್ಯಮದ ಇತಿಹಾಸ ಬೇರೆಯೇ ಕಥೆ ಹೇಳುತ್ತದೆ. ಜೆಬಾಸ್ 2006ರಲ್ಲಿ ರೆಡ್ ಹ್ಯಾಟ್ ಪಾಲಾಯಿತು. 2019ರಲ್ಲಿ ಆ ರೆಡ್ ಹ್ಯಾಟ್ ಸಂಸ್ಥೆಯೇ ಐಬಿಎಂ ಪಾಲಾಯಿತು. ವೆಬ್‌ಲಾಜಿಕ್ ಹೊಂದಿದ್ದ ಬಿಇಎ ಸಂಸ್ಥೆಯನ್ನು ಒರಾಕಲ್ 2008ರಲ್ಲಿ ಕೊಂಡಿತು, ಜಾವಾದ ತವರಾದ ಸನ್ ಸಂಸ್ಥೆಯನ್ನು 2010ರಲ್ಲಿ ಕೊಂಡಿತು. ಸನ್‌ನಿಂದ ಬಂದ ಗ್ಲಾಸ್‌ಫಿಶ್ ಎಂಬ ಸರ್ವರ್‌ಗೆ ಮುಂದೆ ವಾಣಿಜ್ಯ ಬೆಂಬಲದ ಹೊಸ ಆವೃತ್ತಿ ಇರುವುದಿಲ್ಲವೆಂದು 2013ರಲ್ಲಿ ಪ್ರಕಟಿಸಿತು. 2019ರ ಜನವರಿಯ ನಂತರ ಒರಾಕಲ್‌ನ ಜಾವಾ 8ನೇ ಆವೃತ್ತಿಯ ಹೊಸ ಪರಿಷ್ಕರಣೆಗಳಿಗೆ ವಾಣಿಜ್ಯ ಬಳಕೆದಾರರು ಹಣ ತೆರಬೇಕಾಯಿತು. 2023ರ ಜನವರಿಯಲ್ಲಿ ಆ ಸಂಸ್ಥೆ ತಂದ ಹೊಸ ದರಪದ್ಧತಿಯಲ್ಲಿ ಶುಲ್ಕದ ಲೆಕ್ಕ ಜಾವಾ ಬಳಸುವವರ ಸಂಖ್ಯೆಯ ಮೇಲಲ್ಲ, ಸಂಸ್ಥೆಯ ಒಟ್ಟು ಉದ್ಯೋಗಿಗಳ ಸಂಖ್ಯೆಯ ಮೇಲೆ. ಲೇತ್ ಮುಂದೆ ನಿಂತ ಕಾರ್ಮಿಕನನ್ನೂ ಸೇರಿಸಿ ಎಣಿಸುವ ಪರವಾನಗಿ ಇದು. ಓಪನ್ ಜೆಡಿಕೆ ಆಧಾರಿತ ಉಚಿತ ಆವೃತ್ತಿಗಳಿಗೆ ಸುಲಭವಾಗಿ ಬದಲಾಗಬಲ್ಲ ತಂತ್ರಾಂಶ ಹೊಂದಿದವರಿಗೆ ಇದರ ಬಿಸಿ ತಟ್ಟಬೇಕಾಗಿಲ್ಲ.

ಮಾನಕವೂ ಸ್ಥಿರವಾಗಿ ಉಳಿದಿಲ್ಲ. ಒರಾಕಲ್ ಅದನ್ನು ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಹಸ್ತಾಂತರಿಸಿದ ಬಳಿಕ 2018ರಲ್ಲಿ ಜಕಾರ್ತಾ ಇಇ ಎಂಬ ಹೊಸ ಹೆಸರು ಬಂತು. 2020ರ ಕೊನೆಯಲ್ಲಿ ಬಂದ ಅದರ 9ನೇ ಆವೃತ್ತಿಯಲ್ಲಿ ತಂತ್ರಾಂಶದ ಒಳಗೆ ಸಾವಿರಾರು ಕಡೆ ಬಳಕೆಯಾಗುವ ‘ಜಾವಾಎಕ್ಸ್’ ಎಂಬ ಪೂರ್ವಪದ ‘ಜಕಾರ್ತಾ’ ಎಂದಾಯಿತು. ಟಾಮ್‌ಕ್ಯಾಟ್ 9ರಲ್ಲಿ ನಡೆಯುವ ತಂತ್ರಾಂಶ ಈ ಬದಲಾವಣೆ ಮಾಡದೆ ಟಾಮ್‌ಕ್ಯಾಟ್ 10ರಲ್ಲಿ ನಡೆಯುವುದಿಲ್ಲ. ಪರಿವರ್ತನೆಗೆ ಉಚಿತ ಸಾಧನಗಳಿವೆ. ಆದರೆ ಮೂಲ ಸಂಕೇತ ಕೈಯಲ್ಲಿಲ್ಲದೆ, ಬರೆದವರು ಊರು ಬಿಟ್ಟು ಹೋಗಿದ್ದರೆ, ಪರೀಕ್ಷಿಸಿ ಸರಿಪಡಿಸುವವರು ಯಾರು?

ಇನ್ನು ದಾಖಲೆಗಳ ಆಯುಷ್ಯ. ಕಂಪನಿ ಕಾಯ್ದೆಯ 128ನೇ ಕಲಮಿನಂತೆ ಲೆಕ್ಕಪುಸ್ತಕಗಳನ್ನು ಎಂಟು ಆರ್ಥಿಕ ವರ್ಷ ಉಳಿಸಬೇಕು. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ವಾರ್ಷಿಕ ವಿವರಣೆಯ ಅಂತಿಮ ದಿನಾಂಕದಿಂದ 72 ತಿಂಗಳು ಉಳಿಸಬೇಕು. 2016ರಲ್ಲಿ ಬಳಕೆಗೆ ಬಂದ ಟಾಮ್‌ಕ್ಯಾಟ್ 8.5ರ ಬೆಂಬಲ 2024ರ ಮಾರ್ಚ್ 31ಕ್ಕೆ ಮುಗಿಯಿತು. ಅಂದರೆ ಅದರ ಮೊದಲ ವರ್ಷದ ಲೆಕ್ಕಪುಸ್ತಕಗಳನ್ನು ಕಂಪನಿಯೊಂದು ಇನ್ನೂ ಉಳಿಸಿಕೊಂಡಿರಬೇಕಾದ ಅವಧಿಯಲ್ಲೇ ಅವುಗಳನ್ನು ಹೊತ್ತ ಸರ್ವರ್‌ಗೆ ಭದ್ರತಾ ಪರಿಷ್ಕರಣೆ ನಿಂತುಹೋಯಿತು. ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ದಾಖಲಾಗಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಲೆಕ್ಕದ ಪ್ರತಿಯನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಇಡಬೇಕೆಂದು 2022ರಲ್ಲಿ ನಿಯಮ ಬಿಗಿಯಾಯಿತು. ಸರ್ವರ್ ವಿದೇಶದಲ್ಲಿದ್ದ ಕಂಪನಿಗೆ ಸ್ಥಳಾಂತರವೋ ನಿತ್ಯದ ಪ್ರತಿಯೋ ಅನಿವಾರ್ಯವಾಯಿತು. ಲೆಕ್ಕ ಉಳಿಯಬೇಕು, ಸರ್ವರ್ ಬದಲಾಗಬೇಕು ಎಂಬುದು ಕಾನೂನೇ ಸೃಷ್ಟಿಸಿದ ಪರಿಸ್ಥಿತಿ.

ಕಣ್ಣ ಮುಂದಿರುವ ಮಾದರಿ

ಪರಿಹಾರ ಎಂಥದ್ದಿರಬೇಕೆಂಬುದನ್ನು ಇ-ಇನ್‌ವಾಯ್ಸ್ ವ್ಯವಸ್ಥೆಯೇ ತೋರಿಸಿಕೊಟ್ಟಿದೆ. ಆರಂಭದಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರದ ಪೋರ್ಟಲ್ ಒಂದೇ ಬಿಲ್ಲುಗಳನ್ನು ನೋಂದಾಯಿಸುತ್ತಿತ್ತು. 2023ರಲ್ಲಿ ಖಾಸಗಿ ಸಂಸ್ಥೆಗಳ ಪೋರ್ಟಲ್‌ಗಳಿಗೂ ಅವಕಾಶವಾಯಿತು. ಬಿಲ್ಲಿನ ವಿವರಗಳ ನಮೂನೆ ಎಲ್ಲ ಕಡೆಗೂ ಒಂದೇ. ಬದಲಾಗುವುದು ಪೋರ್ಟಲ್‌ನ ವಿಳಾಸ ಮತ್ತು ಪ್ರವೇಶದ ಗುರುತುಗಳು ಮಾತ್ರ. ಈ ವಿಳಾಸ, ಗುರುತುಗಳನ್ನು ಹೊರಗಿನ ಕಡತದಲ್ಲಿ ಇಟ್ಟ ತಂತ್ರಾಂಶ ಒಂದು ಪೋರ್ಟಲ್ ನಿಧಾನವಾದಾಗ ಇನ್ನೊಂದಕ್ಕೆ ಹೊರಳುವುದು ಸುಲಭ. ಅವನ್ನು ಒಳಗೆ ಹೂತಿಟ್ಟ ತಂತ್ರಾಂಶ ಲಾರಿಯನ್ನು ಗೇಟಿನಲ್ಲೇ ನಿಲ್ಲಿಸುತ್ತದೆ.

ಇದೇ ಪಾಠ ಕೃಷಿ ಮಾರುಕಟ್ಟೆಯದೂ ಹೌದು. ಕರ್ನಾಟಕದ ಎಪಿಎಂಸಿಗಳಿಗೆ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಸಂಸ್ಥೆಯ ಏಕೀಕೃತ ಮಾರುಕಟ್ಟೆ ವೇದಿಕೆ ಮೊದಲೇ ಬಂದಿತ್ತು. ಕೇಂದ್ರದ ಇ-ನಾಮ್ 2016ರ ಏಪ್ರಿಲ್ 14ರಂದು ಆರಂಭವಾಯಿತು. ಎರಡೂ ವೇದಿಕೆಗಳ ನಡುವೆ ಪರಸ್ಪರ ವಹಿವಾಟಿಗೆ ಚಾಲನೆ ದೊರೆತದ್ದು 2020ರ ಮೇ ತಿಂಗಳಲ್ಲಿ, ಅಂದರೆ ನಾಲ್ಕು ವರ್ಷಗಳ ನಂತರ. ಸರ್ಕಾರಗಳಿಗೇ ಇಷ್ಟು ಕಾಲ ಹಿಡಿಯುವ ಕೆಲಸವನ್ನು ಸಣ್ಣ ಉದ್ಯಮಿ ಸಂಕಟ ಬಂದಾಗ ನೋಡಿಕೊಳ್ಳೋಣವೆಂದು ಮುಂದೂಡುವುದು ಜಾಣತನವಲ್ಲ.

ಆಕ್ಷೇಪಗಳೂ ಇವೆ

ಎಲ್ಲ ಸರ್ವರ್‌ಗಳಿಗೂ ಹೊಂದುವಂತೆ ಬರೆಯುವುದಕ್ಕೆ ಹೆಚ್ಚು ಸಮಯ, ಹೆಚ್ಚು ಹಣ ಬೇಕೆಂದು ತಂತ್ರಾಂಶ ತಯಾರಕರು ಹೇಳುತ್ತಾರೆ. ಅದರಲ್ಲಿ ಸತ್ಯಾಂಶವಿದೆ. ಸರ್ವರ್‌ನ ವಿಶೇಷ ಸೌಲಭ್ಯ ಬಳಸಿದರೆ ವೇಗ ಹೆಚ್ಚುವುದೂ ಉಂಟು. ಆದರೆ ಯಾರೂ ಎಲ್ಲ ಸರ್ವರ್‌ಗಳನ್ನೂ ಕೇಳುತ್ತಿಲ್ಲ. ಎರಡರ ಮೇಲೆ ನಡೆಸಿ ತೋರಿಸಬೇಕೆಂಬುದು ದೊಡ್ಡ ಬೇಡಿಕೆಯಲ್ಲ. ಎರಡರ ಮೇಲೆ ನಡೆದದ್ದು ಮೂರನೆಯದಕ್ಕೆ ಹೋಗಲು ಹೆಚ್ಚು ತೊಡಕಿರುವುದಿಲ್ಲ.

2013ರಲ್ಲಿ ಬಂದ ಡಾಕರ್‌ನಂಥ ಕಂಟೇನರ್ ವಿಧಾನದಿಂದ ತಂತ್ರಾಂಶವನ್ನು ಸರ್ವರ್ ಸಮೇತ ಕಟ್ಟಿ ಒಯ್ಯಬಹುದು, ಹೀಗಾಗಿ ಈ ಚಿಂತೆಯೇ ಹಳತಾಯಿತು ಎಂಬುದು ಇನ್ನೊಂದು ವಾದ. ಡೈ ಜೊತೆಗೆ ಪ್ರೆಸ್ಸನ್ನೂ ಲಾರಿಗೆ ಹಾಕಿದರೆ ಸಾಗಣೆ ಸುಲಭ ನಿಜ. ಆದರೆ ಆ ಪ್ರೆಸ್‌ನ ಪರವಾನಗಿ ಶುಲ್ಕವೂ, ಬೆಂಬಲ ಮುಗಿದ ಆವೃತ್ತಿಯೂ, ಒಳಗೆ ಬರೆದ ಪಾಸ್‌ವರ್ಡೂ ಜೊತೆಗೇ ಪ್ರಯಾಣ ಮಾಡುತ್ತವೆ. ವಿಧಾನ ಒಳ್ಳೆಯದು, ಬೇರ್ಪಡಿಸಬೇಕಾದುದನ್ನು ಬೇರ್ಪಡಿಸುವ ಶಿಸ್ತಿಗೆ ಅದು ಬದಲಿಯಲ್ಲ.

ಸಿದ್ಧ ಪ್ಯಾಕೇಜ್ ಕೊಂಡವರಿಗೂ ಮಾಸಿಕ ಬಾಡಿಗೆಯ ಸೇವೆ ಬಳಸುವವರಿಗೂ ಸರ್ವರ್‌ನ ಆಯ್ಕೆ ಕೈಯಲ್ಲಿರುವುದಿಲ್ಲ. ಅವರು ಕೇಳಬೇಕಾದದ್ದು ಒಂದೇ: ಸೇವೆ ಬಿಡುವ ದಿನ ಸಂಪೂರ್ಣ ಲೆಕ್ಕ, ತಿದ್ದುಪಡಿಗಳ ಜಾಡು ಸಮೇತ, ಓದಬಲ್ಲ ರೂಪದಲ್ಲಿ ದೊರೆಯುತ್ತದೆಯೇ?

ಕರಾರಿನಲ್ಲಿ ಇರಬೇಕಾದ ಅಂಶಗಳು

ಸ್ವಂತಕ್ಕೆ ತಂತ್ರಾಂಶ ಮಾಡಿಸುವವರು ಖರೀದಿ ಆದೇಶದಲ್ಲಿ ಈ ಕೆಳಗಿನ ಅಂಶಗಳನ್ನು ಲಿಖಿತವಾಗಿ ಸೇರಿಸುವುದು ಸೂಕ್ತ.

1. ಡೇಟಾಬೇಸ್ ವಿಳಾಸ, ಪಾಸ್‌ವರ್ಡ್, ಕಡತಗಳ ಹಾದಿ, ಪೋರ್ಟಲ್ ಗುರುತುಗಳು ಯಾವುವೂ ತಂತ್ರಾಂಶದ ಒಳಗಿರಬಾರದು. ಎಲ್ಲವೂ ಹೊರಗಿನ ಕಡತದಲ್ಲಾಗಲಿ ಸರ್ವರ್‌ನ ಹೊಂದಾಣಿಕೆಯಲ್ಲಾಗಲಿ ಇರಬೇಕು.

2. ಸರ್ವರ್‌ಗೆ ವಿಶಿಷ್ಟವಾದ ವಿವರಣಾ ಕಡತಗಳನ್ನು ಪ್ರತ್ಯೇಕವಾಗಿ ಇಟ್ಟು, ಪ್ರತಿಯೊಂದರ ಉದ್ದೇಶವನ್ನು ಎರಡು ಪುಟಗಳ ಟಿಪ್ಪಣಿಯಲ್ಲಿ ಬರೆದುಕೊಡಬೇಕು.

3. ಅಕ್ಷರ ಪದ್ಧತಿ ಯುಟಿಎಫ್-8 ಎಂದೂ ಕಾಲಮಾನ ಭಾರತೀಯ ಕಾಲಮಾನವೆಂದೂ ತಂತ್ರಾಂಶದಲ್ಲೇ ಸ್ಪಷ್ಟವಾಗಿ ಘೋಷಿಸಿರಬೇಕು. ಸರ್ವರ್‌ನ ಮರ್ಜಿಗೆ ಬಿಡಬಾರದು.

4. ಹಸ್ತಾಂತರಕ್ಕೆ ಮುನ್ನ ಎರಡು ಬೇರೆ ಸರ್ವರ್‌ಗಳಲ್ಲಿ, ಸಾಧ್ಯವಾದರೆ ಒಂದು ವಿಂಡೋಸ್, ಒಂದು ಲಿನಕ್ಸ್ ಯಂತ್ರದಲ್ಲಿ, ನಡೆಸಿ ತೋರಿಸಬೇಕು. ಪರೀಕ್ಷೆಯಲ್ಲಿ ಕನ್ನಡ ಹೆಸರಿನ ಒಂದು ಬಿಲ್ಲು, ಏಪ್ರಿಲ್ 1ರ ಬೆಳಗಿನ ನಾಲ್ಕು ಗಂಟೆಯ ಒಂದು ಬಿಲ್ಲು ಇರಲೇಬೇಕು.

5. ಮೂಲ ಸಂಕೇತವೂ ಅದರಿಂದ ತಂತ್ರಾಂಶ ಕಟ್ಟುವ ವಿಧಾನವೂ ಉದ್ಯಮಿಯ ಕೈಸೇರಬೇಕು.

6. ಒಟ್ಟು ಮೊತ್ತದ ಕೊನೆಯ ಕಂತು ನಾಲ್ಕನೆಯ ಅಂಶದ ಪರೀಕ್ಷೆ ಯಶಸ್ವಿಯಾದ ನಂತರವೇ ಪಾವತಿಯಾಗಬೇಕು.

ಇವುಗಳಲ್ಲಿ ಯಾವುದಕ್ಕೂ ಉದ್ಯಮಿಗೆ ಕಂಪ್ಯೂಟರ್ ಜ್ಞಾನ ಬೇಕಾಗಿಲ್ಲ. ಯಂತ್ರ ಕೊಳ್ಳುವಾಗ ಮಾದರಿ ತುಂಡು ಕೊರೆಸಿ ಅಳತೆ ನೋಡುವ ಅಭ್ಯಾಸವಿದ್ದರೆ ಸಾಕು.

ಲೆಕ್ಕದಲ್ಲಿ ಕಾಣದ ಹೊಣೆ

ತಂತ್ರಾಂಶಕ್ಕೆ ತೆತ್ತ ಹಣ ಆಸ್ತಿಪಟ್ಟಿಯಲ್ಲಿ ಅಮೂರ್ತ ಆಸ್ತಿಯಾಗಿ ಕಾಣುತ್ತದೆ. ಲೆಕ್ಕ ಮಾನಕ 26 ಕೂಡ ತಂತ್ರಜ್ಞಾನದ ವೇಗದ ಬದಲಾವಣೆಯಿಂದ ತಂತ್ರಾಂಶದ ಉಪಯುಕ್ತ ಆಯುಷ್ಯ ಚಿಕ್ಕದಾಗಿರುವ ಸಂಭವವಿದೆ ಎಂದೇ ಎಚ್ಚರಿಸುತ್ತದೆ. ಆದರೆ ಒಂದೇ ಸರ್ವರ್‌ಗೆ ಕಟ್ಟುಬಿದ್ದ ತಂತ್ರಾಂಶದಿಂದ ಬಿಡಿಸಿಕೊಳ್ಳಲು ಮುಂದೊಂದು ದಿನ ತೆರಬೇಕಾದ ಬೆಲೆ ಯಾವ ಅಡಾವೆಯಲ್ಲೂ ಕಾಣುವುದಿಲ್ಲ. ಕಾಣದಿದ್ದ ಮಾತ್ರಕ್ಕೆ ಅದು ಇಲ್ಲವೆಂದಲ್ಲ. ವಾರ್ಷಿಕ ನಿರ್ವಹಣಾ ಶುಲ್ಕದ ಏರಿಕೆಯ ರೂಪದಲ್ಲಿ, ಬೇರೆಯವರಿಂದ ದರಪಟ್ಟಿ ತರಿಸಲಾಗದ ಅಸಹಾಯಕತೆಯ ರೂಪದಲ್ಲಿ ಅದು ವರ್ಷವರ್ಷವೂ ವಸೂಲಾಗುತ್ತಲೇ ಇರುತ್ತದೆ.

ಉತ್ತರ ಬೆಂಗಳೂರಿನ ವಿಚಿತ್ರವೆಂದರೆ, ಹೆಬ್ಬಾಳದ ಬಳಿಯ ತಂತ್ರಜ್ಞಾನ ಪಾರ್ಕಿನಲ್ಲಿ ಲೋಕದ ದೊಡ್ಡ ಸಂಸ್ಥೆಗಳಿಗೆ ತಂತ್ರಾಂಶ ಸಿದ್ಧವಾಗುತ್ತಿರುವಾಗ, ಕೆಲವೇ ಮೈಲಿ ದೂರದ ಕಾರ್ಖಾನೆಯ ಮಾಲೀಕರು ತಮ್ಮದೇ ಬಿಲ್ಲಿನ ತಂತ್ರಾಂಶವನ್ನು ಹೊಸ ಯಂತ್ರಕ್ಕೆ ಒಯ್ಯಲಾಗದೆ ಒದ್ದಾಡುವ ಸಾಧ್ಯತೆ ಇದೆ. ಇಬ್ಬರ ನಡುವಿನ ಅಂತರ ಜ್ಞಾನದ್ದಲ್ಲ, ಕರಾರಿನದ್ದು. ದೊಡ್ಡ ಸಂಸ್ಥೆಗಳು ಕೇಳುತ್ತವೆ, ಸಣ್ಣವರು ಕೇಳುವುದಿಲ್ಲ. ವಾಣಿಜ್ಯ ಮಂಡಳಿಗಳು ಮತ್ತು ಕೈಗಾರಿಕಾ ಸಂಘಗಳು ಮೇಲಿನ ಅಂಶಗಳನ್ನು ಒಳಗೊಂಡ ಮಾದರಿ ಕರಾರೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಹಂಚಿದರೆ ಈ ಕೊರತೆ ಬಹುಪಾಲು ನೀಗುತ್ತದೆ. ಮುಂದಿನ ಮಾರ್ಚ್ ಮುಗಿಯುವುದರೊಳಗೆ ಆ ಕೆಲಸ ಆಗಬೇಕು. ಏಪ್ರಿಲ್ 1ರ ಬೆಳಗಿನ ಜಾವದ ಲಾರಿ ಯಾರಿಗಾಗಿಯೂ ಕಾಯುವುದಿಲ್ಲ.